ಮರೆವಿಗೆ ವಾರ ಗೊತ್ತಿರುವುದಿಲ್ಲ

ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಲೇ ವಾರಾಂತ್ಯದ ಪಾರ್ಟಿಗಳಲ್ಲಿ ಮಾದಕ ಮಾತ್ರೆ ನುಂಗುವ ಯುವಕ ಯುವತಿಯರು ಬೆಂಗಳೂರಿನ ಆಪ್ತಸಲಹೆಗಾರರಿಗೆ ಹೊಸಬರಲ್ಲ. ಪಾರ್ಟಿಯ ವಿಷಯ ವೈದ್ಯರಿಗೆ ಗೊತ್ತಿರುವುದಿಲ್ಲ, ಚಿಕಿತ್ಸೆಯ ವಿಷಯ ಗೆಳೆಯರಿಗೆ ಗೊತ್ತಿರುವುದಿಲ್ಲ. ಅಂಥ ಒಬ್ಬ ಹುಡುಗನ ಪ್ರಕರಣವನ್ನು ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು 24. ಮಲೆನಾಡಿನ ಕಡೆಯವನು, ಇಲ್ಲಿ ಕೆಲಸಕ್ಕೆ ಸೇರಿ ಪಿಜಿಯಲ್ಲಿದ್ದ. ಮನೋವೈದ್ಯರು ಖಿನ್ನತೆಯ ಔಷಧಿ ಎಸಿಟಲೋಪ್ರಾಮ್ 10 ಮಿಲಿಗ್ರಾಂ ಬರೆದುಕೊಟ್ಟು ಆಪ್ತಸಲಹೆಗೆ ನನ್ನ ಬಳಿ ಕಳುಹಿಸಿದ್ದರು. ಮೊದಮೊದಲು ಚೇತರಿಸಿಕೊಂಡ. ಆಮೇಲೆ ವಾರದ ನಡುವೆ ಕುಸಿಯತೊಡಗಿದ. ಮಂಗಳವಾರ, ಬುಧವಾರ ಬಂದರೆ ಹಾಸಿಗೆಯಿಂದ ಏಳಲಾಗದು, ಕಾರಣವಿಲ್ಲದೆ ಅಳು. ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದು ವೈದ್ಯರಿಗೆ ಹೇಳಿದ. ಅವರು ಪ್ರಮಾಣವನ್ನು 20ಕ್ಕೆ ಏರಿಸಿದರು. ಅವರಿಗೆ ತಿಳಿದಿದ್ದಷ್ಟಕ್ಕೆ ಅದು ಸರಿಯಾದ ಕ್ರಮವೇ.

ಒಮ್ಮೆ ಅವನೊಂದಿಗೆ ತಾಯಿಯೂ ಬಂದರು. ಮಗ ಮಾತ್ರೆ ಮರೆಯುತ್ತಾನೆಂದು ಆಕೆ ಊರಿನಿಂದ ಬಂದಾಗಲೆಲ್ಲ ಸ್ಟ್ರಿಪ್‌ಗಳ ಹಿಂಬದಿಯ ಬೆಳ್ಳಿಹಾಳೆಯ ಮೇಲೆ, ಒಂದೊಂದು ಮಾತ್ರೆಗೂ ಬಾಲ್‌ಪೆನ್ನಿನಲ್ಲಿ ವಾರದ ಹೆಸರು ಬರೆದಿಟ್ಟು ಹೋಗುತ್ತಿದ್ದರು. ಅಂದು ಚೀಲದಿಂದ ಮೂರು ಸ್ಟ್ರಿಪ್ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಸೋಮ, ಮಂಗಳ, ಬುಧ ಎಲ್ಲ ಖಾಲಿ. ಗುರು, ಶುಕ್ರ, ಶನಿ ಎಂದು ಬರೆದ ಮಾತ್ರೆಗಳು ಮಾತ್ರ ಮೂರರಲ್ಲೂ ಒಡೆಯದೆ ಉಳಿದಿದ್ದವು.

‘ವಾರದ ಕೊನೆಗೆ ಕೆಲಸ ಜಾಸ್ತಿ ಮೇಡಂ. ಪಾಪ, ಮರೆತುಬಿಡುತ್ತಾನೆ’ ಎಂದರು.

ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ವಿನಂತಿಸಿ, ಸ್ಟ್ರಿಪ್‌ಗಳನ್ನು ಅವನ ಕಡೆಗೆ ಸರಿಸಿದೆ. ‘ಮರೆವಿಗೆ ವಾರ ಗೊತ್ತಿರುವುದಿಲ್ಲ’ ಎಂದೆ. ಅಮ್ಮ ಬರೆದ ‘ಶುಕ್ರ’ದ ಮೇಲೆ ಅವನು ಬಹಳ ಹೊತ್ತು ಹೆಬ್ಬೆರಳು ಆಡಿಸುತ್ತಿದ್ದ. ಕೊನೆಗೆ ಹೇಳಿದ: ‘ಇದನ್ನು ತೆಗೆದುಕೊಂಡರೆ ಅದು ಏರುವುದಿಲ್ಲ ಮೇಡಂ.’

‘ಅದು’ ಎಂದರೆ ಎಂಡಿಎಂಎ, ಎಕ್ಸ್‌ಟಸಿ ಎಂಬ ಹೆಸರಿನಲ್ಲಿ ಕೈಬದಲಾಗುವ ಮಾತ್ರೆ. ಅದು ಮೆದುಳಿನಲ್ಲಿ ಕೂಡಿಟ್ಟ, ಮನಸ್ಸಿನ ಲವಲವಿಕೆಗೆ ಬೇಕಾದ ಸೆರಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಹೊರಚೆಲ್ಲಿಸುತ್ತದೆ. ಎಸಿಟಲೋಪ್ರಾಮ್ ಕೆಲಸ ಮಾಡುವುದೂ ಅದೇ ಜಾಗದಲ್ಲಿ. ಹಾಗಾಗಿ ಇದಿದ್ದರೆ ಅದರ ಅಮಲು ಮಂಕಾಗುತ್ತದೆ. ಇದನ್ನು ಯಾರದೋ ಬಾಯಿಂದ ಕೇಳಿ ಅವನು ಗುರುವಾರದಿಂದಲೇ ಔಷಧಿ ನಿಲ್ಲಿಸುತ್ತಿದ್ದ. ಎರಡು ದಿನ ಬಿಟ್ಟ ಮಾತ್ರಕ್ಕೆ ಔಷಧಿ ಮೈಯಿಂದ ಪೂರ್ತಿ ಹೋಗುವುದಿಲ್ಲ. ಅಮಲು ಸಾಲದೆಂದು ಒಂದು ಗಂಟೆ ಕಳೆಯುವುದರೊಳಗೆ ಇನ್ನೊಂದು ಮಾತ್ರೆ. ಔಷಧಿಯೂ ಎಂಡಿಎಂಎಯೂ ಸೇರಿದರೆ ನಡುಕ, ಬಿಗಿತ, ಜ್ವರ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತು ಬರುವ ಸಾಧ್ಯತೆಯೂ ಉಂಟು. ಬಚಾವಾದರೂ ಎರಡು ಮೂರು ದಿನಗಳ ಮೇಲೆ, ಸೆರಟೋನಿನ್ ಬರಿದಾದ ಮೆದುಳಿಗೆ ಕತ್ತಲೆ ಕವಿಯುತ್ತದೆ. ಹೊತ್ತಿಗೆ ಸರಿಯಾಗಿ ಸಿಗಬೇಕಿದ್ದ ಔಷಧಿಯೂ ತಪ್ಪಿರುತ್ತದೆ. ಅವನ ಮಂಗಳವಾರಕ್ಕೆ ಕಾರಣ ಇದು. ಖಿನ್ನತೆ ಉಲ್ಬಣಿಸಿದೆ ಎಂದು ನಾವೆಲ್ಲ ನಂಬಿದ್ದೆವು.

‘ಅಲ್ಲಿ ನಿಮಗೆ ಏನು ಸಿಗುತ್ತದೆ?’ ಎಂದು ಕೇಳಿದೆ.

‘ಅಲ್ಲಿ ನಾನು ಮಾತನಾಡುತ್ತೇನೆ. ಗುರುತಿಲ್ಲದವರನ್ನೂ ತಬ್ಬಿಕೊಳ್ಳುತ್ತೇನೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ತಟ್ಟೆ ಹಿಡಿದು ನಿಂತಿರುತ್ತೇನೆ ಮೇಡಂ.’

ಪ್ರತಿ ವರ್ಷ ಜೂನ್ 26ರಂದು ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ದಿನ ಆಚರಿಸುತ್ತೇವೆ. ತಲೆಬುರುಡೆಯ ಚಿತ್ರ ತೋರಿಸುತ್ತೇವೆ, ಪ್ರತಿಜ್ಞೆ ಮಾಡಿಸುತ್ತೇವೆ. ಇದು ಕೆಟ್ಟದ್ದೆಂದು ಈ ಹುಡುಗನಿಗೂ ಗೊತ್ತಿತ್ತು. ತಟ್ಟೆ ಹಿಡಿದು ನಿಂತವನನ್ನು ‘ಬಾ, ಇಲ್ಲಿ ಕೂತುಕೋ’ ಎಂದು ಕರೆಯುವವರು ಇರಲಿಲ್ಲ, ಅಷ್ಟೇ. ತಡೆಗಟ್ಟುವಿಕೆ ಅಲ್ಲಿಂದ ಶುರುವಾಗಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

ನಾನು ಕೊಟ್ಟ ಸಲಹೆ ಹೀಗಿತ್ತು. ನಡೆದದ್ದನ್ನೆಲ್ಲ ಮನೋವೈದ್ಯರಿಗೆ ಹೇಳಬೇಕು. ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಡಬಹುದು. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017 ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ಆ ಭಯ ಬೇಡ. ಅವರನ್ನು ಕೇಳದೆ ಔಷಧಿ ಬಿಡಬಾರದು. ಎಂಡಿಎಂಎಗೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ಒಳಗೆ ಏನು ಬೆರೆತಿದೆ ಎಂದು ಮಾರುವವನಿಗೂ ತಿಳಿದಿರುವುದಿಲ್ಲ. ಗೆಳೆಯನಿಗೆ ಒಂದು ಮಾತ್ರೆ ದಾಟಿಸಿದರೂ ಕಾನೂನಿನ ಕಣ್ಣಿನಲ್ಲಿ ಅದು ಬರಿಯ ಸೇವನೆಯಾಗಿ ಉಳಿಯುವುದಿಲ್ಲ. ಕಿಕ್ಕಿರಿದ ಸಭಾಂಗಣದಲ್ಲಿ ಕುಣಿಯುತ್ತಾ ಯಾರಿಗಾದರೂ ಮೈ ಕೆಂಡದಂತೆ ಸುಟ್ಟರೆ, ಮಾತು ತೊದಲಿದರೆ, ಸೆಳೆತ ಬಂದರೆ, ಮರುಯೋಚನೆ ಮಾಡದೆ 108ಕ್ಕೆ ಕರೆ ಮಾಡಬೇಕು. ಅಲ್ಲಿಯವರೆಗೆ ತಂಪು ಜಾಗಕ್ಕೆ ಕರೆತಂದು ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು; ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಚೊಂಬುಗಟ್ಟಲೆ ನೀರು ಕುಡಿಸಬಾರದು. ರಕ್ತದ ಸೋಡಿಯಂ ಇಳಿದು ಮೆದುಳು ಊದಿಕೊಂಡು ಸತ್ತವರಿದ್ದಾರೆ. ಏನು ನುಂಗಿದ್ದು ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು.

ಅವನ ಒಪ್ಪಿಗೆಯ ಮೇಲೆ ತಂದೆತಾಯಿಯನ್ನು ಕರೆಸಿದಾಗ ತಂದೆ ಸಿಟ್ಟಾದರು. ‘ಬಿಡಿಸಿ ಎಂದರೆ, ತೆಗೆದುಕೊಂಡ ಮೇಲೆ ಬದುಕುವುದು ಹೇಗೆಂದು ಪಾಠ ಹೇಳಿದ್ದೀರಲ್ಲ? ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಮಂಜುನಾಥ ಸ್ವಾಮಿಯ ಮುಂದೆ ಆಣೆ ಮಾಡಿಸುತ್ತೇನೆ. ಅಲ್ಲಿಗೆ ಮುಗಿಯಿತು.’

ಹೋಗಿ ಬನ್ನಿ, ದರ್ಶನ ಮಾಡಿ ಬನ್ನಿ, ಆಣೆ ಮಾತ್ರ ಬೇಡ ಎಂದೆ. ನಮ್ಮ ಕಡೆ ಧರ್ಮಸ್ಥಳದ ಆಣೆಯ ತೂಕ ಎಂಥದ್ದೆಂದು ನನಗೆ ಗೊತ್ತು, ಅದಕ್ಕೇ ಬೇಡ ಎಂದೆ. ಈ ಚಟ ಬಿಡುವ ಹಾದಿಯಲ್ಲಿ ಒಮ್ಮೆ ಜಾರುವವರು ಬಹಳ. ಆಣೆ ಹೊತ್ತು ಜಾರಿದವನು ಅಪ್ಪನಿಗೂ ಹೇಳಲಾರ, ನನಗೂ ಹೇಳಲಾರ. ಮೈ ಸುಡುವ ರಾತ್ರಿ ಗೆಳೆಯರು ಆಂಬುಲೆನ್ಸ್ ಕರೆಯಲು ಹೊರಟರೂ ‘ಬೇಡ’ ಎನ್ನುತ್ತಾನೆ. ಬದುಕಿ ಉಳಿದವನನ್ನು ಮಾತ್ರ ಬಿಡಿಸಲು ಸಾಧ್ಯ. ಈ ಸಲಹೆಗಾಗಿ ಸಹೋದ್ಯೋಗಿಗಳಿಂದಲೂ ಆಕ್ಷೇಪ ಕೇಳಿದ್ದೇನೆ. ನಾಳೆ ಇಂಥವನೇ ಬಂದರೂ ಇದನ್ನೇ ಹೇಳುತ್ತೇನೆ.

ವೈದ್ಯರು ಚೀಟಿ ಓದಿ, ಗದರದೆ, ಪ್ರಮಾಣವನ್ನು ಕ್ರಮೇಣ 10ಕ್ಕೆ ಇಳಿಸಿದರು. ನಮ್ಮ ಭೇಟಿಗಳಲ್ಲಿ ಪಾರ್ಟಿಯ ಮಾತು ಹಿಂದೆ ಸರಿದು ಜನರ ನಡುವೆ ಅವನಿಗಿದ್ದ ಅಳುಕಿನ ಮಾತು ಮುಂದೆ ಬಂತು. ಕ್ಯಾಂಟೀನಿನಲ್ಲಿ ಒಬ್ಬರ ಪಕ್ಕ ಕೂತು ಒಂದು ಪ್ರಶ್ನೆ ಕೇಳುವುದು ಅವನ ಮೊದಲ ಮನೆಗೆಲಸ. ನಡುವೆ ಒಂದು ಶನಿವಾರ ಜಾರಿದ. ಸೋಮವಾರ ತಾನೇ ಫೋನ್ ಮಾಡಿ ಹೇಳಿದ. ತಂದೆಗೂ ಅವನೇ ತಿಳಿಸಿದ.

ಮಗ ಅಥವಾ ಮಗಳ ಮಂಕು ಪದೇ ಪದೇ ವಾರದ ನಡುವೆಯೇ ಬರುತ್ತಿದ್ದರೆ, ಶನಿವಾರ ಹೇಗೆ ಕಳೆಯಿತೆಂದು ಗದರದೆ ಕೇಳಿ. ಕೇಳುವುದು ಹೇಗೆಂದು ತಿಳಿಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ, ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.