ರೀಮ್ಯಾಪ್ ಮಾಡಿಸಿದರೆ ವರ್ಟಸ್ ಜಿಟಿ ಸ್ಪೋರ್ಟ್ಸ್ ಕಾರ್ ಆಗುತ್ತದಾ?

ಆಗುವುದಿಲ್ಲ. ನಿಮ್ಮ ಹತ್ತಿರ ಫೋಕ್ಸ್‌ವ್ಯಾಗನ್ ಸೆಡಾನ್ ವರ್ಟಸ್ ಜಿಟಿ ಇದೆ, ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದ್ದು. ಸ್ಟೇಜ್ 1 ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ ಮೊದಲ ಹಂತ, ಮಾಡಿಸಿಕೊಂಡು ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಹೋಗಬೇಕು ಅಂತಿದ್ದೀರಿ. ಸ್ಪೋರ್ಟ್ಸ್ ಕಾರಿಗೂ ಪರ್ಫಾರ್ಮೆನ್ಸ್ ಕಾರಿಗೂ ಇರುವುದು ಎಚ್‌ಪಿ ವ್ಯತ್ಯಾಸ ತಾನೇ ಎಂದು ಕೇಳಿದ್ದೀರಿ. ಇದೇ ಲೆಕ್ಕ ಇಟ್ಟುಕೊಂಡು ನಾನೂ ಟ್ರ್ಯಾಕಿಗೆ ಇಳಿದಿದ್ದೆ. ದುಬಾರಿಯಾಗಿದ್ದು ಎಂಜಿನ್ ಅಲ್ಲ, ಬ್ರೇಕ್ ಆಯಿಲ್. ಅದನ್ನು ಆಮೇಲೆ ಹೇಳುತ್ತೇನೆ.

ಎಚ್‌ಪಿ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಬಿಎಂಡಬ್ಲ್ಯು 1978ರಲ್ಲಿ ಎಂ1 ತಂದಿತು: ಎರಡೇ ಸೀಟು, ನೆಲಕ್ಕೆ ಅಂಟಿದಂಥ ಎತ್ತರ, 3.5 ಲೀಟರಿನ ಆರು ಸಿಲಿಂಡರ್ ಎಂಜಿನ್ ಡ್ರೈವರ್ ಬೆನ್ನ ಹಿಂದೆ, ಸುಮಾರು 277 ಎಚ್‌ಪಿ. 1985ರಲ್ಲಿ ಅದೇ ವಂಶದ ಎಂಜಿನನ್ನು ಸ್ವಲ್ಪ ತಿದ್ದಿ 5 ಸೀರೀಸ್ ಸೆಡಾನಿನ ಮುಂಭಾಗಕ್ಕೆ ಕೂರಿಸಿದರು, 286 ಎಚ್‌ಪಿ. ಅದೇ ಮೊದಲ ಎಂ5. ಶಕ್ತಿ ಹೆಚ್ಚಿದ್ದು ಸೆಡಾನಿನಲ್ಲಿ, ಆದರೆ ಸ್ಪೋರ್ಟ್ಸ್ ಕಾರ್ ಎನ್ನಿಸಿಕೊಂಡಿದ್ದು ಎಂ1. ಎಂ1ರಲ್ಲಿ ಸೀಟು, ಟ್ಯಾಂಕು, ಎಂಜಿನ್ ಎಲ್ಲಿರಬೇಕು ಎಂಬುದನ್ನು ತಿರುವಿಗಾಗಿ ತೀರ್ಮಾನಿಸಿದ್ದರು. ಎಂ5ರಲ್ಲಿ ನಾಲ್ಕು ಬಾಗಿಲು, ಡಿಕ್ಕಿ, ಹಿಂದಿನ ಸೀಟು ಮೊದಲೇ ಇದ್ದವು. ಎಂಜಿನ್, ಸಸ್ಪೆನ್ಷನ್, ಬ್ರೇಕು ಆಮೇಲೆ ಬಂದವು. ಪರ್ಫಾರ್ಮೆನ್ಸ್ ಕಾರ್ ಅಂದರೆ ಇದೇ: ಮನೆಗೆಲಸಕ್ಕೆ ಹುಟ್ಟಿದ ಗಾಡಿಗೆ ವೇಗ ಕೊಟ್ಟಿದ್ದು. ಅದರಲ್ಲಿ ಕೀಳು ಅನ್ನುವಂಥದ್ದೇನೂ ಇಲ್ಲ.

ಇನ್ನೊಂದು ಕಡೆ ಮಾಜ್ದಾ ಎಂಎಕ್ಸ್-5 ನೋಡಿ. 1989ರ ಮೊದಲ ಪೀಳಿಗೆಗೆ 1.6 ಲೀಟರ್ ಎಂಜಿನ್, ಸುಮಾರು 115 ಎಚ್‌ಪಿ, ತೂಕ ಒಂದು ಟನ್ನಿಗಿಂತ ಕಮ್ಮಿ. ನಿಮ್ಮ 150 ಎಚ್‌ಪಿ ವರ್ಟಸ್ 0-100ರಲ್ಲಿ ಅದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ. ಆದರೆ ಎಂಎಕ್ಸ್-5ನಲ್ಲಿ ಎಂಜಿನನ್ನು ಮುಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ ತಳ್ಳಿದ್ದಾರೆ. ತೂಕ ಮುಂದೆ ಹಿಂದೆ ಹೆಚ್ಚುಕಮ್ಮಿ ಸಮ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳಿನ) ಸಸ್ಪೆನ್ಷನ್, ತಳ್ಳುವುದು ಹಿಂದಿನ ಚಕ್ರ. ವರ್ಟಸ್‌ನಲ್ಲಿ ಎಳೆಯುವುದೂ ತಿರುಗಿಸುವುದೂ ಮುಂದಿನ ಎರಡು ಟೈರುಗಳೇ. ತಿರುವಿನ ನಡುವೆ ಆಕ್ಸಲರೇಟರ್ ಒತ್ತಿದರೆ ಒಳಬದಿಯ ಚಕ್ರ ಸುತ್ತಲು ಹವಣಿಸುತ್ತದೆ, ಎಲೆಕ್ಟ್ರಾನಿಕ್ಸ್ ಅದಕ್ಕೆ ಬ್ರೇಕ್ ಹಾಕಿ ಹಿಡಿಯುತ್ತದೆ. ಅಂದರೆ ಗಾಡಿ ತಿರುಗಿಸುವಾಗಲೂ ಬ್ರೇಕ್ ಬಿಸಿಯಾಗುತ್ತಿರುತ್ತದೆ. ರೀಮ್ಯಾಪ್ ಮಾಡಿದರೆ ಇದು ಹೆಚ್ಚುವುದೇ ಹೊರತು ಕಮ್ಮಿಯಾಗುವುದಿಲ್ಲ.

ಈಗ ಬ್ರೇಕ್ ಆಯಿಲ್. ಎಲ್ಲರೂ ಎಂಜಿನ್ ಆಯಿಲ್ ಬದಲಿಸಿಕೊಂಡು ಬರುತ್ತಾರೆ, ಇದರ ಮುಚ್ಚಳವನ್ನು ತೆಗೆದೂ ನೋಡುವುದಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ರಬ್ಬರ್ ಹೋಸಿನ ಮೂಲಕವೂ ಗಾಳಿಯ ತೇವ ಹೀರುತ್ತದೆ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗಿನ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ನೆಲ ಮುಟ್ಟಿದರೂ ಪ್ಯಾಡಿಗೆ ಒತ್ತಡ ಹೋಗುವುದಿಲ್ಲ.

ಪ್ಯಾಡ್ ಬಿಸಿಯಾಗಿ ಸೋಲುವುದು ಬೇರೆ, ಅದನ್ನು ಕಾಲಿನಲ್ಲೇ ಗುರುತಿಸಬಹುದು. ಪೆಡಲ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಕ್ಕಿಳಿಯುತ್ತಿದೆ ಅಂದರೆ ದ್ರವ. ಎರಡನೆಯದಾದರೆ ಪಟಪಟನೆ ಎರಡು ಮೂರು ಸಲ ಪಂಪ್ ಮಾಡಿ, ಸ್ವಲ್ಪ ಒತ್ತಡ ವಾಪಸ್ ಬರುತ್ತದೆ. ಆಮೇಲೆ ನಿಧಾನವಾಗಿ ಪಿಟ್‌ಗೆ (ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ) ಬನ್ನಿ, ಆ ದಿನದ ಓಟ ಅಲ್ಲಿಗೆ ನಿಲ್ಲಿಸಿ.

ರೀಮ್ಯಾಪ್ ಇಲ್ಲಿ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ. ಡ್ರೈವರ್, ಪೆಟ್ರೋಲ್ ಸೇರಿ ಗಾಡಿ 1,350 ಕೆಜಿ ಅಂದುಕೊಳ್ಳಿ. ಗಂಟೆಗೆ 144ರಿಂದ 72 ಕಿಮೀಗೆ ಇಳಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 810 ಕಿಲೋಜೂಲ್. ಹೆಚ್ಚಿದ ಎಚ್‌ಪಿಯಿಂದ ಅದೇ ನೇರದಾರಿಯ ಕೊನೆಗೆ 155 ಮುಟ್ಟಿದಿರಿ ಅಂತಿಟ್ಟುಕೊಳ್ಳಿ, ಅದು 980ರ ಆಸುಪಾಸು. 11 ಕಿಮೀ ವೇಗಕ್ಕೆ ಶೇಕಡಾ 20ರಷ್ಟು ಹೆಚ್ಚು ಶಾಖ, ಅದೂ ಪ್ರತಿ ತಿರುವಿಗೆ. ಕರಿ 2.1 ಕಿಮೀ ಟ್ರ್ಯಾಕು. ತಿರುವುಗಳು ಬೇಗ ಬೇಗ ಬರುತ್ತವೆ, ಡಿಸ್ಕಿಗೆ ತಣ್ಣಗಾಗಲು ಪುರುಸೊತ್ತಿಲ್ಲ. ಹಿಂದೆ ಡ್ರಮ್ ಇರುವ ಗಾಡಿಯಲ್ಲಿ ಈ ಭಾರದ ಬಹುಪಾಲು ಮುಂದಿನ ಎರಡು ಡಿಸ್ಕಿನ ಮೇಲೇ ಬೀಳುತ್ತದೆ. ಹಗುರ ಕಾರು ತಯಾರಿಸುವವರು ಒಂದೊಂದು ಕೆಜಿಗೂ ಯಾಕೆ ಜಗಳವಾಡುತ್ತಾರೆ ಎಂಬುದು ಈ ಲೆಕ್ಕದಲ್ಲೇ ಇದೆ.

ಗೇರ್‌ಬಾಕ್ಸ್ ಬಗ್ಗೆಯೂ ಹೇಳಬೇಕು. ನಿಮ್ಮದರಲ್ಲಿರುವ ಏಳು ಗೇರಿನ ಡಿಎಸ್‌ಜಿಯ ಹೆಸರು ಡಿಕ್ಯೂ200, ಅದರದ್ದು ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿರುವುದಲ್ಲ. ಅದು ತಡೆಯುವ ಟಾರ್ಕ್ (ತಿರುಗಿಸುವ ಬಲ) ಮಿತಿ 250 ಎನ್‌ಎಂ. ನಿಮ್ಮ ಎಂಜಿನ್ ಕಂಪನಿಯಿಂದಲೇ 250 ಎನ್‌ಎಂ ಕೊಡುತ್ತದೆ. ಬಾಕಿ ಏನೂ ಉಳಿದಿಲ್ಲ. ಇದರ ಮೇಲೆ ಸ್ಟೇಜ್ 1 ಹಾಕಿಸುವುದನ್ನು ನಾನು ಖಂಡಿತ ಬೇಡ ಎನ್ನುತ್ತೇನೆ. "ಏನೂ ಆಗಲ್ಲ ಸಾರ್" ಅನ್ನುವವರು ಕ್ಲಚ್ ಪ್ಯಾಕಿನ ಬಿಲ್ ಕಟ್ಟಲು ಬರುವುದಿಲ್ಲ.

ರೀಮ್ಯಾಪಿನ ದುಡ್ಡಿನಲ್ಲಿ ಹೀಗೆ ಮಾಡಿ. ಒಣ ಕುದಿಬಿಂದು (ನೀರು ಸೇರದಿದ್ದಾಗ ಕುದಿಯುವ ಬಿಸಿ) 300 ಡಿಗ್ರಿ ದಾಟಿದ ಒಳ್ಳೆಯ ಡಾಟ್ 4 ಒಂದು ಲೀಟರ್ ತನ್ನಿ, ಸೀಲ್ ಒಡೆಯದ ಡಬ್ಬಿಯೇ ಬೇಕು. ಡಾಟ್ 5 ಸಿಲಿಕೋನ್, ಅದನ್ನು ಬೆರೆಸಲೇಬಾರದು. ಕಾರಿನ ಮ್ಯಾನುಯಲ್ ಹೇಳಿದ ಕ್ರಮದಲ್ಲಿ ನಾಲ್ಕೂ ಚಕ್ರಕ್ಕೆ ಬ್ಲೀಡ್ ಮಾಡಿಸಿ, ಅಂದರೆ ಹಳೆಯ ದ್ರವ, ಗುಳ್ಳೆ ಹೊರಹಾಕಿ ಹೊಸದು ತುಂಬಿಸಿ. ಪಾರದರ್ಶಕ ಪೈಪಿನಲ್ಲಿ ಕಂದು ಹೋಗಿ ತಿಳಿಬಣ್ಣ ಬರಬೇಕು, ಗುಳ್ಳೆ ನಿಲ್ಲಬೇಕು, ಅಷ್ಟೂ ಹೊತ್ತು ರಿಸರ್ವಾಯರ್ ಕನಿಷ್ಠ ಗೆರೆಗಿಂತ ಕೆಳಗಿಳಿಯಬಾರದು. ಮುಂದಿನ ಚಕ್ರಗಳಿಗೆ ರಸ್ತೆಗೂ ಟ್ರ್ಯಾಕಿಗೂ ಆಗುವ ಪ್ಯಾಡ್ ಹಾಕಿಸಿ. ಪೂರಾ ರೇಸಿಂಗ್ ಪ್ಯಾಡ್ ಬೇಡ, ತಣ್ಣಗಿದ್ದಾಗ ಅವು ಹಿಡಿಯುವುದಿಲ್ಲ, ಮನೆಗೆ ವಾಪಸ್ ಬರುವಾಗ ಅಪಾಯ. ಟೈರಿನ ಗಾಳಿ ಬಿಸಿಗೆ 5-8 ಪಿಎಸ್‌ಐ ಏರುತ್ತದೆ. ಪಿಟ್‌ಗೆ ಬಂದ ಕೂಡಲೇ ಅಳೆದು ಇಳಿಸಿ, ಹೈವೇಗೆ ಹೊರಡುವ ಮೊದಲು ಮತ್ತೆ ತುಂಬಿಸಿ.

ನಾಲ್ಕೈದು ಲ್ಯಾಪ್ ಜೋರು, ಆಮೇಲೆ ಒಂದು ಲ್ಯಾಪ್ ಆದಷ್ಟು ಬ್ರೇಕ್ ಮುಟ್ಟದೆ ನಿಧಾನ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ ತಣ್ಣಗಾಗುತ್ತಾ ಕುಗ್ಗಿ ಶೂಗಳನ್ನು ಹಿಡಿದುಕೊಳ್ಳಬಹುದು. ಮಟ್ಟಸ ಜಾಗ ನೋಡಿ ಗೇರನ್ನು 'ಪಿ'ಗೆ (ಪಾರ್ಕ್) ಹಾಕಿ, ಚಕ್ರಕ್ಕೊಂದು ಕಲ್ಲು ಕೊಡಿ.