ಪೆನ್‌ಡ್ರೈವಿಗಿಂತ ಪಾಸ್‌ವರ್ಡ್ ಕೇಳುವ ಕಮಾಂಡಿಗೆ ಹೆದರಿ

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ವಿಂಡೋಸ್ ತೆಗೆಸಿ ಲಿನಕ್ಸ್ ಮಿಂಟ್ ಹಾಕಿಸಿದ್ದೇನೆ. ಇದಕ್ಕೆ ವೈರಸ್ಸೇ ಬರುವುದಿಲ್ಲ ಅನ್ನುತ್ತಾರೆ. ಗಿರಾಕಿಗಳ ಪೆನ್‌ಡ್ರೈವ್ ದಿನವೂ ಹಾಕುತ್ತೇವೆ, ಆಂಟಿವೈರಸ್ ಬೇಡವೇ? ಪ್ರಿಂಟರ್ ಡ್ರೈವರ್‌ಗೆಂದು ವಿಡಿಯೊದಲ್ಲಿ ತೋರಿಸಿದ ಕಮಾಂಡನ್ನು ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ನಿಜವಾದ ಅಪಾಯ ಇರುವುದು ಅಲ್ಲೇ. ಪೇಸ್ಟ್ ಮಾಡಬೇಡಿ. ‘ಸುಡೊ’ (ಯಂತ್ರದ ಪೂರ್ಣ ಹಕ್ಕು ಕೇಳುವ ಪದ) ಎಂದು ಶುರುವಾಗುವ ಕಮಾಂಡಿಗೆ ನೀವು ಪಾಸ್‌ವರ್ಡ್ ಕೊಟ್ಟಿರೆಂದರೆ ಇಡೀ ಕಂಪ್ಯೂಟರ್ ಅದರ ಕೈಗೆ ಹೋಯಿತು. ‘ಕರ್ಲ್’ ಬಳಸಿ ಎಲ್ಲಿಂದಲೋ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ತಂದು, ಅದನ್ನು ಓಡಿಸುವ ‘ಬ್ಯಾಶ್’ಗೆ ನೇರವಾಗಿ ಕೊಡುವ ಸಾಲಿನಲ್ಲಂತೂ ಏನು ಓಡುತ್ತಿದೆ ಎಂಬುದೇ ನಿಮಗೆ ಕಾಣುವುದಿಲ್ಲ. ಎಚ್‌ಪಿ ಪ್ರಿಂಟರ್ ಆದರೆ ‘ಎಚ್‌ಪಿಲಿಪ್’ ಎಂಬ ಡ್ರೈವರ್ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ. ಬೇರೆ ಕಂಪನಿಯದಾದರೆ ಅದೇ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿ. ಈಚಿನ ಬಹಳಷ್ಟು ಪ್ರಿಂಟರ್‌ಗಳಿಗೆ ಡ್ರೈವರೇ ಬೇಕಾಗುವುದಿಲ್ಲ.

ವೈರಸ್ ಬರುವುದೇ ಇಲ್ಲ ಎಂಬ ಮಾತು ಸುಳ್ಳು. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ವೆಬ್‌ಸೈಟಿಗೇ ನುಗ್ಗಿದವರು ಡೌನ್‌ಲೋಡ್ ಕೊಂಡಿ ಬದಲಿಸಿ, ಕಳ್ಳಬಾಗಿಲಿಟ್ಟ ಐಎಸ್‌ಒ (ಮಿಂಟ್ ಹಾಕಲು ಇಳಿಸಿಕೊಳ್ಳುವ ಫೈಲ್) ಹಂಚಿದ್ದರು. 2025ರಲ್ಲಿ ನಮ್ಮ ಸರ್ಕಾರಿ ಕಚೇರಿಗಳ, ‘ಬಾಸ್’ ಎಂಬ ಭಾರತೀಯ ಲಿನಕ್ಸ್ ಇರುವ ಕಂಪ್ಯೂಟರ್‌ಗಳಿಗೆ ಹ್ಯಾಕರ್‌ಗಳು ಗುರಿಯಿಟ್ಟು ಇಮೇಲ್‌ನಲ್ಲಿ ಜಿಪ್ ಕಳಿಸಿದ್ದರು. ಒಳಗೆ ಪಿಡಿಎಫ್‌ನಂತೆ ಕಾಣುವ, ಅಸಲಿಗೆ ‘ಡಾಟ್ ಡೆಸ್ಕ್‌ಟಾಪ್’ (ತೆರೆದರೆ ಕಮಾಂಡ್ ಓಡಿಸುವ ಶಾರ್ಟ್‌ಕಟ್) ಆಗಿದ್ದ ಫೈಲ್. ಪಹಣಿ ಪ್ರಿಂಟ್ ಹಾಕಿಕೊಡಿ ಎಂದು ನಿಮಗೆ ಬರುವ ಜಿಪ್‌ನಲ್ಲೂ ಇಂಥದ್ದು ಇರಬಹುದು. ತೆರೆಯುವಾಗ ‘ಇದನ್ನು ನಂಬುತ್ತೀರಾ’ ಎಂಬ ಅರ್ಥದ ಎಚ್ಚರಿಕೆ ಬಂದರೆ ರದ್ದು ಮಾಡಿ. ನಿಜವಾದ ಪಿಡಿಎಫ್ ಹಾಗೆ ಕೇಳುವುದಿಲ್ಲ.

ಇನ್ನು ಪೆನ್‌ಡ್ರೈವ್. ಶಾರ್ಟ್‌ಕಟ್ ವೈರಸ್‌ನಂಥವು ವಿಂಡೋಸ್‌ನವು, ಮಿಂಟ್‌ನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಆದರೆ ನಿಮ್ಮ ಅಂಗಡಿಯ ಮೂಲಕ ಒಬ್ಬರ ಫೋಲ್ಡರಿನಿಂದ ಇನ್ನೊಬ್ಬರ ಮನೆಯ ವಿಂಡೋಸ್‌ಗೆ ದಾಟುತ್ತವೆ. ಬೇಕಾದ ಫೈಲ್ ಒಂದನ್ನೇ ಕಾಪಿ ಮಾಡಿ, ಇಡೀ ಫೋಲ್ಡರ್ ಎಳೆದು ಹಾಕಬೇಡಿ. ಇದಕ್ಕಾಗಿ ಕ್ಲಾಮ್‌ಎವಿ ಎಂಬ ಆಂಟಿವೈರಸ್ ಹಾಕಿಕೊಳ್ಳಬಹುದು, ಉಚಿತ. ಅದರ ವೈರಸ್ ಗುರುತುಗಳ ಪಟ್ಟಿಯೇ 1 ಜಿಬಿಗಿಂತ ಹೆಚ್ಚು ರ‍್ಯಾಮ್ ತಿನ್ನುತ್ತದೆ. 4 ಜಿಬಿಯ ಹಳೇ ಯಂತ್ರವಾದರೆ ಅನುಮಾನ ಬಂದ ಡ್ರೈವ್‌ಗೆ ಮಾತ್ರ ಓಡಿಸಿ.

ಗಿರಾಕಿಗಳ ಇಮೇಲ್, ಆಧಾರ್ ಲಾಗಿನ್‌ಗೆಲ್ಲ ಬ್ರೌಸರಿನ ಪ್ರೈವೇಟ್ ವಿಂಡೊ ಬಳಸಿ, ಮುಗಿದ ಕೂಡಲೇ ಮುಚ್ಚಿ. ಕೆಲಸದ ಹುಡುಗರಿಗೆ ಸುಡೊ ಹಕ್ಕಿಲ್ಲದ ‘ಸ್ಟ್ಯಾಂಡರ್ಡ್’ ಖಾತೆ ಸಾಕು. ಅಪ್‌ಡೇಟ್ ಮ್ಯಾನೇಜರಿನ ಗುರಾಣಿ ಗುರುತು ಅಪ್‌ಡೇಟ್ ಇದೆ ಎಂದು ತೋರಿಸಿದರೆ ಅಂದೇ ಹಾಕಿ.

ಬ್ಯಾಕಪ್‌ನಲ್ಲಿ ಹಲವರು ಎಡವುತ್ತಾರೆ. ಮಿಂಟ್‌ನ ಬ್ಯಾಕಪ್ ಸಾಧನ ಟೈಮ್‌ಶಿಫ್ಟ್ ಕಾಪಾಡುವುದು ಸಿಸ್ಟಮ್ಮನ್ನು. ನಿಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರನ್ನು ತಾನಾಗಿ ಸೇರಿಸುವುದಿಲ್ಲ. ಹಾಳು ಪ್ರೋಗ್ರಾಮ್ ನಿಮ್ಮ ಡಿಟಿಪಿ ಫೈಲ್‌ಗಳನ್ನು ಅಳಿಸಲು ಸುಡೊ ಕೂಡ ಬೇಡ, ನಿಮ್ಮ ಖಾತೆಯ ಹಕ್ಕೇ ಸಾಕು. ಹೋಮ್ ಫೋಲ್ಡರನ್ನು ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಮುಗಿದ ಮೇಲೆ ಕೇಬಲ್ ಕಿತ್ತಿಡಿ. ನಮ್ಮ ಕಡೆಯ ಸಿಡಿಲಿಗೂ ಅದೇ ಮದ್ದು.

ಕಮಾಂಡ್ ಈಗಾಗಲೇ ಓಡಿಸಿದ್ದರೆ? ಮೂಲ ಅನುಮಾನಾಸ್ಪದವಾಗಿದ್ದರೆ ನೆಟ್ ಕಿತ್ತುಹಾಕಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಮಿಂಟ್ ಹೊಸದಾಗಿ ಹಾಕಿ. ಸುಡೊ ಪಡೆದ ಪ್ರೋಗ್ರಾಮನ್ನು ಹುಡುಕಿ ತೆಗೆದೆವೆಂದು ನಂಬಲಾಗದು. ಹಳೆಯ ಹೋಮ್‌ನಿಂದ ಕೆಲಸದ ಫೈಲ್‌ಗಳನ್ನಷ್ಟೇ ತನ್ನಿ. ಚುಕ್ಕಿಯಿಂದ ಶುರುವಾಗುವ ಹೆಸರಿನ ಫೋಲ್ಡರ್, ಫೈಲ್‌ಗಳನ್ನು ತರಬೇಡಿ. ಲಾಗಿನ್ ಆದ ಕೂಡಲೇ ತಾವಾಗಿ ಓಡುವ ಸೂಚನೆಗಳು ಕೂರುವುದು ಅಲ್ಲೇ.