ವೆಂಟಿಲೇಟರ್ ತೆಗೆದ ಮೇಲೂ ಅಪ್ಪನಿಗೆ ಒಂದು ಗುಟುಕು ನೀರು ಯಾಕೆ ಕೊಡುತ್ತಿಲ್ಲ?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರು ನ್ಯುಮೋನಿಯಾ ಆಗಿ ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದರು. ಗಂಟಲಿನ ಪೈಪ್ ನಿನ್ನೆ ತೆಗೆದಿದ್ದಾರೆ. ಬಾಯಿ ಒಣಗಿ ನೀರು ನೀರು ಅಂತಿದ್ದಾರೆ, ಸಿಸ್ಟರ್ ಒಂದು ಚಮಚವೂ ಬೇಡ ಅಂತಾರೆ. ಮೇಲಿಂದ ಸ್ಪೀಚ್ ಥೆರಪಿಸ್ಟ್ ಬಂದು ನೋಡಬೇಕಂತೆ. ಮಾತು ಬರುವವರಿಗೆ ಅವರು ಯಾಕೆ ಅಂತ ಕೇಳಿದ್ದೀರಿ.

ನಾನು ಮಂಗಳೂರಿನಲ್ಲಿ ಇದೇ ಕೆಲಸ ಮಾಡುವವಳು. ಮಾತಾಡಲು ಬೇಕಾದ ನಾಲಗೆ, ತುಟಿ, ಗಂಟಲು, ಧ್ವನಿಪೆಟ್ಟಿಗೆಯೇ ನುಂಗಲಿಕ್ಕೂ ಬೇಕು. ಹಾಗಾಗಿ ಐಸಿಯುವಿನಲ್ಲಿ ನುಂಗುವುದನ್ನು ಪರೀಕ್ಷೆ ಮಾಡುವುದು ನಮ್ಮ ಕೆಲಸ.

ನಾವು ನುಂಗುವಾಗ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಧ್ವನಿತಂತುಗಳು ಮುಚ್ಚಿಕೊಂಡು ಶ್ವಾಸನಾಳವನ್ನು ಕಾಯುತ್ತವೆ. ವೆಂಟಿಲೇಟರಿನ ಪೈಪ್ ಹೋಗುವುದು ಅದೇ ತಂತುಗಳ ನಡುವಿನಿಂದ. ಒಂಬತ್ತು ದಿನ ಅವು ಮುಚ್ಚಿಕೊಂಡೇ ಇಲ್ಲ. ಪೈಪ್ ತೆಗೆದ ಮೇಲೆ ಬಾವು ಇರುತ್ತದೆ, ಗಂಟಲಿನ ಸ್ಪರ್ಶ ಮಂದವಾಗಿರುತ್ತದೆ, ಸ್ನಾಯುಗಳು ಸೋತಿರುತ್ತವೆ, ನಿದ್ದೆ ಬರಿಸುವ ಔಷಧದ ಮಂಪರು ಬೇರೆ. ಪೈಪ್ 48 ಗಂಟೆಗಿಂತ ಜಾಸ್ತಿ ಇದ್ದರೇ ನಾವು ಎಚ್ಚರ ವಹಿಸುತ್ತೇವೆ. ಅಪ್ಪನದ್ದು ಒಂಬತ್ತು ದಿನ.

"ಒಂದು ಚಮಚ ಕೊಟ್ಟು ನೋಡೋಣ, ಕೆಮ್ಮು ಬಂದರೆ ನಿಲ್ಲಿಸಿದರಾಯಿತು ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮಗೆ ನಿಮಗೆ ನೆತ್ತಿಗೇರಿದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ, ಯಾರಾದರೂ ತಲೆ ತಟ್ಟಿ "ಯಾರೋ ನೆನೆಸಿಕೊಂಡರು" ಅಂತಾರೆ. ಆ ಕೆಮ್ಮೇ ನಮ್ಮ ಕಾವಲು. ಹೀಗೆ ಪೈಪ್ ತೆಗೆದವರಲ್ಲಿ ಎಷ್ಟೋ ಜನರಿಗೆ ಆ ಕಾವಲು ಎಚ್ಚರವಿರುವುದಿಲ್ಲ. ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಖದಲ್ಲಿ ಏನೂ ಕಾಣುವುದಿಲ್ಲ.

ಒಬ್ಬರು ಅಮ್ಮನ ನೆನಪು ಈಗಲೂ ಕಣ್ಣೆದುರಿಗಿದೆ. ಮಗ ಉಡುಪಿ ಕೃಷ್ಣ ಮಠದಿಂದ ಚಿಕ್ಕ ಬಾಟಲಿಯಲ್ಲಿ ತೀರ್ಥ ತಂದಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಒಂದು ಚಮಚ ಬಾಯಿಗೆ ಬಿಟ್ಟರು. ಅಮ್ಮ ನುಂಗಿದರು, ಕೆಮ್ಮಲಿಲ್ಲ, ಮಗನ ಮುಖ ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ನಾನು ಹೋಗಿ "ಊಟ ಆಯ್ತಾ ಅಂತ ಮಗನನ್ನು ಕೇಳಿ" ಅಂದೆ. ಧ್ವನಿ ಗುಳುಗುಳು ಅಂತ, ನೀರಿನೊಳಗಿಂದ ಬಂದ ಹಾಗೆ ಬಂತು. ಸಿಸ್ಟರ್ ನಳಿಗೆ ಹಾಕಿ ಕಫ ಎಳೆದಾಗ ಅದರಲ್ಲಿ ತುಳಸಿಯ ಹಸಿರು ಚೂರು ಇತ್ತು. ಮಗ ಅದನ್ನು ನೋಡಿ ಅಲ್ಲೇ ಕುಳಿತುಬಿಟ್ಟರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ತೀರ್ಥ ಕೊಡಲೇಬೇಕು ಅನಿಸಿದರೆ ಸಿಸ್ಟರನ್ನು ಕೇಳಿ, ಬೆರಳು ಅದ್ದಿ ತುಟಿಗೆ ಮುಟ್ಟಿಸಿ. ಸಾಕು.

ನಾಳೆ ಥೆರಪಿಸ್ಟ್ ಬಂದರೆ ಮೊದಲು ನೀರು ಕೊಡುವುದಿಲ್ಲ, ಸುಮ್ನೆ ನೋಡುತ್ತಾರೆ. ಅಪ್ಪ ಹತ್ತು ಹದಿನೈದು ನಿಮಿಷ ಎಚ್ಚರವಾಗಿ ಕೂರುತ್ತಾರಾ? ಕೆಮ್ಮಿ ಅಂತ ಹೇಳಿದರೆ ಗಟ್ಟಿಯಾಗಿ ಕೆಮ್ಮುತ್ತಾರಾ? ಉಸಿರು ನಿಮಿಷಕ್ಕೆ ಮೂವತ್ತು ಸಲ ಓಡುತ್ತಿದ್ದರೆ ನುಂಗಲು ಬೇಕಾದ ಬಿಡುವೇ ಸಿಗುವುದಿಲ್ಲ. ತಮ್ಮ ಜೊಲ್ಲನ್ನೇ ನುಂಗಲಾಗದೆ ಗಂಟಲಲ್ಲಿ ಗೊರಗೊರ ಅನ್ನುತ್ತಿದ್ದರೆ ಆ ದಿನ ಮುಂದೆ ಹೋಗುವುದಿಲ್ಲ. ಎಲ್ಲ ಸರಿ ಇದ್ದರೆ ಬಾಯಿ ಚೆನ್ನಾಗಿ ಸ್ವಚ್ಛ ಮಾಡಿ ಅರ್ಧ ಚಮಚ ನೀರು. ನಾನು ಈ ಪರೀಕ್ಷೆ ಮಾಡುವಾಗ ನನ್ನ ಬೆರಳು ರೋಗಿಯ ಗಂಟಲಿನ ಗಂಟಿನ ಮೇಲಿರುತ್ತದೆ. ಗಂಟು ಸರಕ್ಕನೆ ಮೇಲೇರಿ ಇಳಿಯಬೇಕು. ತಡವಾಗಿ, ಅರ್ಧಕ್ಕೆ ಏರಿದರೆ ಬೆರಳಿಗೇ ಗೊತ್ತಾಗುತ್ತದೆ. ನಂತರ "ಆ" ಅನ್ನಿಸಿ ಧ್ವನಿ ಕೇಳುತ್ತೇನೆ. ಹೀಗೆ ಏರಿಸುತ್ತಾ ಕೊನೆಗೆ 90 ಎಂಎಲ್ ನೀರನ್ನು ನಿಲ್ಲಿಸದೆ ಕುಡಿಸುತ್ತೇವೆ. ನಡುವೆ ನಿಲ್ಲಿಸಿದರೆ, ಕೆಮ್ಮಿದರೆ, ಧ್ವನಿ ಒದ್ದೆಯಾದರೆ ಪಾಸಿಲ್ಲ.

ಇಷ್ಟೆಲ್ಲ ಮಾಡಿಯೂ ಒಳಗೆ ಸದ್ದಿಲ್ಲದೆ ಆಗುವುದು ಹೊರಗಿನಿಂದ ಪೂರ್ತಿ ತಿಳಿಯದು. ಸಂಶಯ ಇದ್ದರೆ ಫೀಸ್ (FEES) ಅನ್ನುವ ಪರೀಕ್ಷೆ ಹೇಳಬಹುದು, ಹೆದರಬೇಡಿ. ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಬಿಟ್ಟು, ಬಣ್ಣ ಬೆರೆಸಿದ ಆಹಾರ ನುಂಗಿಸಿ, ಎಲ್ಲಿಗೆ ಹೋಯಿತು ಅಂತ ಕಣ್ಣಾರೆ ನೋಡುವುದು. 1988ರಲ್ಲಿ ಅಮೆರಿಕದ ಸೂಸನ್ ಲ್ಯಾಂಗ್‌ಮೋರ್ ಮತ್ತು ಜೊತೆಗಾರರು ಇದನ್ನು ಮೊದಲು ವಿವರಿಸಿದರು. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರವ ಕುಡಿಸಿ ನೋಡುವ ಪರೀಕ್ಷೆಯೂ ಒಳ್ಳೆಯದೇ, ಆದರೆ ಅದಕ್ಕೆ ರೋಗಿಯನ್ನು ಎಕ್ಸ್‌ರೇ ಕೋಣೆಗೆ ಒಯ್ಯಬೇಕು. ಫೀಸ್ ಹಾಸಿಗೆಯಲ್ಲೇ ಆಗುತ್ತದೆ.

ಇನ್ನು ಗಂಜಿ. ನಮ್ಮ ಕಡೆ ಹುಷಾರಿಲ್ಲ ಅಂದರೆ ಮೊದಲು ಬರುವುದೇ ಕುಚ್ಚಲಕ್ಕಿ ಗಂಜಿ. ಸಪ್ಪೆ, ಮೆತ್ತಗೆ, ಏನೂ ಆಗದು ಅಂತ ನಂಬಿಕೆ. ಆದರೆ ನುಂಗಲು ಕಷ್ಟ ಇರುವವರಿಗೆ ಅದು ಬಹಳ ಕಠಿಣ. ತಿಳಿ ಮುಂದೆ ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಅಗುಳು ಅಗಿಯುವಷ್ಟರಲ್ಲಿ ತಿಳಿ ಗಂಟಲಿಗಿಳಿದು ದಾರಿ ತಪ್ಪಿರುತ್ತದೆ. ಬೊಂಡದ ನೀರೂ (ಎಳನೀರು) ಅಷ್ಟೇ, ಅದೂ ನೀರೇ. ನಾನು ಹೆಚ್ಚಾಗಿ ಶುರು ಮಾಡಿಸುವುದು ಮಗುವಿಗೆ ಕೊಡುವಂಥ ರಾಗಿ ಮಣ್ಣಿ, ಇಲ್ಲವೇ ಗಂಟಿಲ್ಲದೆ ನುಣ್ಣಗೆ ರುಬ್ಬಿದ ಗಟ್ಟಿ ಗಂಜಿ. ಚಮಚ ವಾಲಿಸಿದರೆ ಅದು ತೊಟ್ಟಿಕ್ಕಬಾರದು, ಅಂಟಿಕೊಳ್ಳಲೂಬಾರದು. ಆಹಾರದ ಹದಕ್ಕೆ 0ಯಿಂದ 7ರವರೆಗೆ ಲೆವೆಲ್ ಇದೆ, ಈ ಹದಕ್ಕೆ ಲೆವೆಲ್ 4 ಅಂತ ಬರೆಯುತ್ತೇವೆ. ಆದರೆ ಅಪ್ಪನಿಗೆ ಯಾವ ಹದ ಅಂತ ಪರೀಕ್ಷೆ ಆದ ಮೇಲೆಯೇ ಗೊತ್ತಾಗುವುದು. ಈಗಲೇ ಮನೆಯಿಂದ ತರಬೇಡಿ.

ಅಲ್ಲಿಯವರೆಗೆ ಮೂಗಿನ ನಳಿಗೆಯಲ್ಲಿ ಊಟ, ನೀರು, ಮಾತ್ರೆ ಹೋಗುತ್ತಿರಲಿ. ಬಹಳ ಜನರಿಗೆ ದಿನ ಕಳೆದಂತೆ ನುಂಗುವುದು ಸುಧಾರಿಸುತ್ತದೆ. ಮೊದಲ ದಿನ ಪಾಸಾಗದಿದ್ದರೆ ಮತ್ತೆ ನೋಡುತ್ತಾರೆ. ಬಾಯಿ ಒಣಗುವುದು ನಿಜವಾಗಿಯೂ ಹಿಂಸೆ, ಅದನ್ನು ಸಹಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಸಿಸ್ಟರನ್ನು ಕೇಳಿ, ಹಿಂಡಿದ ಒದ್ದೆ ಗಾಜ್ ಬಟ್ಟೆಯಿಂದ ತುಟಿ, ನಾಲಗೆ, ಒಸಡು ಆಗಾಗ ಒರೆಸಿ. ಬಾಯಿ ಸ್ವಚ್ಛವಿದ್ದರೆ ಜೊಲ್ಲು ತಪ್ಪಿ ಒಳಗೆ ಹೋದರೂ ಅದರ ಜೊತೆ ಹೋಗುವ ರೋಗಾಣು ಕಡಿಮೆ.

ಅಪ್ಪನಿಗೆ ಹಲ್ಲಿನ ಸೆಟ್ ಇದ್ದರೆ ನಾಳೆ ಬೆಳಿಗ್ಗೆ ಡಬ್ಬಿಯಲ್ಲಿ ಹಾಕಿ ತನ್ನಿ. ಕನ್ನಡಕ, ಕಿವಿಯ ಮಷಿನ್ ಇದ್ದರೆ ಅದನ್ನೂ ತನ್ನಿ. ಹೇಳಿದ್ದು ಕೇಳಿಸದೆ, ಚಮಚ ಸರಿಯಾಗಿ ಕಾಣಿಸದೆ ಪರೀಕ್ಷೆಯಲ್ಲಿ ಸೋತವರನ್ನು ನಾನು ನೋಡಿದ್ದೇನೆ.